ಐದು ತಟ್ಟೆಗಳು, ಕಾಲು ಗಂಟೆ: ಯೋಸೆಫ್ ಯೋಆಖಿಮ್ ಅವರ ಪಿಟೀಲು ನಾದವನ್ನು ಗ್ರಂಥಾಲಯದಲ್ಲಿ ಉಳಿಸಿಕೊಳ್ಳುವ ಬಗೆ

1903ರಲ್ಲಿ ಬರ್ಲಿನ್ ನಗರದಲ್ಲಿ ಪಿಟೀಲು ವಿದ್ವಾಂಸ ಯೋಸೆಫ್ ಯೋಆಖಿಮ್ ಅವರು ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಗಾಗಿ ಐದು ತಟ್ಟೆಗಳಷ್ಟು ಸಂಗೀತವನ್ನು ನುಡಿಸಿದರು. ಬಾಖ್ ಒಂಟಿ ಪಿಟೀಲಿಗೆಂದು ಬರೆದ ಕೃತಿಗಳಿಂದ ಎರಡು ಭಾಗಗಳು, ಬ್ರಾಮ್ಸ್ ಅವರ ಹಂಗೇರಿಯನ್ ನೃತ್ಯಗಳಲ್ಲಿ ಮೊದಲನೆಯದು ಮತ್ತು ಎರಡನೆಯದು, ತಮ್ಮದೇ ರಚನೆಯಾದ, ಸಿ ಮೇಜರ್‌ನಲ್ಲಿರುವ ರೊಮಾನ್ಸ್ ಎಂಬ ಒಂದು ಕಿರುಕೃತಿ, ಇಷ್ಟೇ. ಐದನ್ನೂ ಒಂದರ ಹಿಂದೊಂದು ಹಾಕಿ ಕೇಳಿದರೆ ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅರವತ್ತು ವರ್ಷಗಳಷ್ಟು ದೀರ್ಘವಾದ ಕಛೇರಿ ಜೀವನದಿಂದ ಇಂದಿನ ಕೇಳುಗರಿಗೆ ತಟ್ಟೆಯಲ್ಲಿ ಸಿಗುವುದು ಈ ಕಾಲು ಗಂಟೆ.

ಆ ಕಾಲು ಗಂಟೆಯ ತೂಕ ತಿಳಿಯಬೇಕಾದರೆ ನುಡಿಸಿದವರು ಯಾರೆಂಬುದನ್ನು ಸ್ವಲ್ಪ ನೆನೆಯಬೇಕು. 1831ರ ಜೂನ್ 28ರಂದು ಆಗಿನ ಹಂಗೇರಿ ರಾಜ್ಯಕ್ಕೆ ಸೇರಿದ್ದ ಕಿಟ್‌ಸೇ ಎಂಬ ಊರಿನಲ್ಲಿ ಹುಟ್ಟಿದ ಯೋಆಖಿಮ್, 1844ರ ಮೇ ತಿಂಗಳಲ್ಲಿ, ಇನ್ನೂ ಹನ್ನೆರಡರ ಬಾಲಕನಾಗಿದ್ದಾಗ, ಲಂಡನ್ನಿನಲ್ಲಿ ಸಂಗೀತ ರಚನಕಾರ ಮೆಂಡೆಲ್ಸನ್ ಅವರ ನಿರ್ದೇಶನದಲ್ಲಿ ಬೀಥೋವನ್ ಅವರ ಪಿಟೀಲು ಕಂಚೆರ್ಟೊವನ್ನು (ಪಿಟೀಲು ಮತ್ತು ವಾದ್ಯವೃಂದಕ್ಕೆಂದು ಬರೆದ ಕೃತಿಯನ್ನು) ನುಡಿಸಿ, ಅಲ್ಲಿಯವರೆಗೆ ಹೆಚ್ಚಿನವರು ಬದಿಗಿಟ್ಟಿದ್ದ ಆ ಕೃತಿಗೆ ಮರುಜೀವ ಕೊಟ್ಟರು. 1869ರಲ್ಲಿ ಬರ್ಲಿನ್ನಿನ ಸಂಗೀತ ಮಹಾವಿದ್ಯಾಲಯವನ್ನು ಕಟ್ಟುವ ಹೊಣೆ ಹೊತ್ತರು. 1879ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ ಬ್ರಾಮ್ಸ್ ಅವರ ಪಿಟೀಲು ಕಂಚೆರ್ಟೊವನ್ನು ಮೊದಲ ಬಾರಿಗೆ ನುಡಿಸಿದವರೂ ಅವರೇ. 1907ರ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ತೀರಿಕೊಂಡರು. ಮೆಂಡೆಲ್ಸನ್ ಕಾಲವಾದದ್ದು 1847ರಲ್ಲಿ, ಎಡಿಸನ್ ಅವರ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಮೆಂಡೆಲ್ಸನ್ ಅವರ ಮಗ್ಗುಲಲ್ಲಿ ಬೆಳೆದ ಕೈಯೊಂದು ತಂತಿಯ ಮೇಲೆ ಹೇಗೆ ಓಡುತ್ತಿತ್ತೆಂದು ನಾವಿಂದು ಕಿವಿಯಾರೆ ಕೇಳಬಹುದಾದರೆ, ಅದಕ್ಕೆ ಇರುವ ಬಹು ಅಪರೂಪದ ದಾರಿಗಳಲ್ಲಿ ಈ ಐದು ತಟ್ಟೆಗಳೂ ಒಂದು.

ಐದೇ ಐದು ತಟ್ಟೆಗಳನ್ನು ಉಳಿಸಿಕೊಳ್ಳುವುದು ಸಂಗೀತ ಗ್ರಂಥಾಲಯಕ್ಕೆ ದೊಡ್ಡ ಕೆಲಸವಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಇವು ಒಂದೇ ಒಂದು ಪ್ರತಿಯಿರುವ ಹಸ್ತಪ್ರತಿಗಳೂ ಅಲ್ಲ. ಅಂಗಡಿಯಲ್ಲಿ ಮಾರಾಟವಾದ ಸರಕು, ಹಲವು ಪ್ರತಿಗಳು ಉಳಿದಿವೆ, ಅವುಗಳಿಂದ ಎಲ್‌ಪಿ ಮತ್ತು ಸಿಡಿಗಳೂ ಬಂದಿವೆ. ಹಾಗಿದ್ದೂ ಈ ಪ್ರಕರಣವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಕಿರಿದಾದ ಗಾತ್ರವೇ. ನೂರಾರು ಮುದ್ರಿಕೆಗಳಿರುವ ಕಲಾವಿದರ ಸಂಗ್ರಹದಲ್ಲಿ ಒಂದು ತಟ್ಟೆಯ ತಪ್ಪು ಇನ್ನೊಂದರ ಬಲದಿಂದ ತಿದ್ದಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಒಂದು ತಟ್ಟೆಯನ್ನು ತಪ್ಪು ವೇಗದಲ್ಲಿ ನಕಲು ಮಾಡಿದರೆ ಯೋಆಖಿಮ್ ಅವರ ಐದನೆಯ ಒಂದು ಭಾಗವೇ ಸುಳ್ಳಾಗುತ್ತದೆ. ತಟ್ಟೆ ಉಳಿದರೆ ನಾದ ಉಳಿಯಿತು ಎಂದು ತಿಳಿಯುವಂತಿಲ್ಲ. ಆ ತಟ್ಟೆಯನ್ನು ಯಾವ ವೇಗದಲ್ಲಿ ತಿರುಗಿಸಬೇಕು, ಯಾವ ಮುಳ್ಳಿನಿಂದ ಓದಬೇಕು, ಕೇಳಿಬರುವುದರಲ್ಲಿ ಯಾವುದು ಕಲಾವಿದರದು, ಯಾವುದು ಯಂತ್ರದ್ದು ಎಂಬ ತಿಳಿವು ತಟ್ಟೆಯ ಜೊತೆಗೇ ಕಟ್ಟಿಕೊಂಡು ಬರಬೇಕು. ಗ್ರಂಥಾಲಯದ ನಿಜವಾದ ಕೆಲಸ ಈ ತಿಳಿವನ್ನು ಕಾಯುವುದು ಎಂಬುದು ನನ್ನ ನಂಬಿಕೆ.

ತಟ್ಟೆ ಎಂಬ ವಸ್ತು

ಆ ಕಾಲದ ಧ್ವನಿಮುದ್ರಣದಲ್ಲಿ ಮೈಕ್ ಇರಲಿಲ್ಲ. ಕಲಾವಿದರು ದೊಡ್ಡ ಕಹಳೆಯೊಂದರ ಬಾಯಿಗೆ ಆದಷ್ಟು ಹತ್ತಿರ ನಿಂತು ನುಡಿಸುತ್ತಿದ್ದರು. ಕಹಳೆಯ ಕಿರಿದಾದ ತುದಿಯಲ್ಲಿದ್ದ ತೆಳು ಪೊರೆ ಅದುರಿ, ಅದಕ್ಕೆ ಕಟ್ಟಿದ ಮುಳ್ಳು ತಿರುಗುವ ಮೇಣದ ಬಿಲ್ಲೆಯ ಮೇಲೆ ಅಕ್ಕಪಕ್ಕ ಓಲಾಡುವ ಗೀರನ್ನು ಕೊರೆಯುತ್ತಿತ್ತು. ಮೇಣದಿಂದ ಲೋಹದ ಅಚ್ಚು, ಲೋಹದ ಅಚ್ಚಿನಿಂದ ಮಾರಾಟದ ತಟ್ಟೆ. ಯೂರೋಪಿನ ಈ ಕಂಪನಿಯ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹನೋವರ್ ಕಾರ್ಖಾನೆಯಲ್ಲಿ. 1902ರ ನವೆಂಬರಿನಲ್ಲಿ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಮುದ್ರಿಸಿಕೊಂಡ ಗಾಯಕಿ ಗೌಹರ್ ಜಾನ್ ಅವರ ಹಾಡುಗಳ ಮೇಣವೂ ಹಡಗು ಹತ್ತಿ ಹೋದದ್ದು ಅದೇ ಹನೋವರಿಗೆ. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದು ದೂರದ ಕಾರ್ಖಾನೆಯ ಕೆಲಸಗಾರರಿಗೆ ಇದು ಯಾರ ತಟ್ಟೆಯೆಂದು ತಿಳಿಯಲಿ ಎಂಬ ಕಾರಣಕ್ಕೆ. ಮುಂದೆ ಅವರು ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದರು. ಒಂದೇ ಕಾರ್ಖಾನೆಯಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬ್ರಾಮ್ಸ್ ಅವರ ಗೆಳೆಯ ಯೋಆಖಿಮ್ ಅವರ ಪಿಟೀಲೂ ಮೈಸೂರಿನ ಆಸ್ಥಾನಕ್ಕೆ ಮುಂದೆ ಬರಲಿದ್ದ ಗಾಯಕಿಯ ಕಂಠವೂ ಅಚ್ಚಾದವು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ತಟ್ಟೆಗಳು ಪರದೇಶದವು ಎನಿಸುವುದಿಲ್ಲ.

ಇನ್ನೊಂದು ಸಂಬಂಧ ತಟ್ಟೆಯ ಮೈಯಲ್ಲೇ ಇದೆ. ಆ ಕಾಲದ ತಟ್ಟೆಗಳನ್ನು ಕಟ್ಟಿ ಹಿಡಿದದ್ದು ಅರಗು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಜಗತ್ತಿನ ತಟ್ಟೆ ಕಾರ್ಖಾನೆಗಳಿಗೆ ಅದು ಹೆಚ್ಚಾಗಿ ಹೋಗುತ್ತಿದ್ದುದು ಭಾರತದಿಂದಲೇ. ಅರಗಿಗೆ ಕಲ್ಲಿನ ಪುಡಿ, ಮಸಿ, ಹತ್ತಿಯ ಎಳೆ ಬೆರೆಸಿ ಬಿಸಿಯಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಇದನ್ನು ಬರಿಯ ಕುತೂಹಲಕ್ಕಾಗಿ ಹೇಳುತ್ತಿಲ್ಲ. ಮರಗೆಲಸದವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಾಗಿಲಿಗೆ ಪಾಲಿಶ್ ಹಚ್ಚುವುದನ್ನು ನೋಡಿದವರಿಗೆಲ್ಲ ಸ್ಪಿರಿಟ್ಟು ಅರಗನ್ನು ತಿನ್ನುತ್ತದೆಂದು ಗೊತ್ತು. ಹೀಗಿದ್ದೂ ನಾನು ಹಿಂದೊಮ್ಮೆ ಹೋಗಿದ್ದ ಒಂದು ಸಂಗ್ರಹದಲ್ಲಿ, ಧೂಳು ಹಿಡಿದ ಹಳೆಯ ತಟ್ಟೆಗಳನ್ನು ಶ್ರದ್ಧೆಯಿಂದ, ಒಂದೊಂದಾಗಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಟ್ಟಿದ್ದರು. ಬೆಳಕಿಗೆ ಹಿಡಿದಾಗ ಗೀರುಗಳಲ್ಲಿ ಇರಬೇಕಾದ ಮಿಂಚು ಇರಲಿಲ್ಲ. ಮೈಯೆಲ್ಲ ಬೂದಿ ಬಳಿದಂತೆ ಮಂಕಾಗಿತ್ತು. ಒರೆಸಿದವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಬಟ್ಟಿ ಇಳಿಸಿದ ನೀರು, ಅದರಲ್ಲಿ ಒಂದೆರಡು ಹನಿ ಸೌಮ್ಯವಾದ ಮಾರ್ಜಕ, ಮೃದುವಾದ ಕುಂಚ, ಕೊನೆಗೆ ಮತ್ತೆ ಬರಿಯ ನೀರು: ಅರಗಿನ ತಟ್ಟೆಗೆ ಬೇಕಾದದ್ದು ಇಷ್ಟೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಯೋಆಖಿಮ್ ಅವರ ತಟ್ಟೆಗಳಿಗೆ ಕಂಪನಿ ಕೊಟ್ಟ ಸಂಖ್ಯೆ 047903ರಿಂದ 047907ರವರೆಗೆ. ಈ ಸಂಖ್ಯೆಯನ್ನು ಓದಲು ಕಲಿತರೆ ಅದೇ ಒಂದು ಸೂಚೀಪತ್ರ. ಮೊದಲಿನ ಸೊನ್ನೆ ಹನ್ನೆರಡು ಅಂಗುಲದ ತಟ್ಟೆಯೆಂದು ಹೇಳುತ್ತದೆ. 4 ಎಂದರೆ ಜರ್ಮನಿಯ ಪಟ್ಟಿ. ಅದರ ಮುಂದಿನ 7900ರ ಸಾಲು ಪಿಟೀಲಿಗೆ ಮೀಸಲು. ಮರುವರ್ಷ ಪ್ಯಾರಿಸ್ಸಿನಲ್ಲಿ ಪಾಬ್ಲೊ ಡೆ ಸರಸಾಟೆ ಅವರು ನುಡಿಸಿದ ತಟ್ಟೆಗಳ ಸಂಖ್ಯೆ 379 ಎಂದು ಆರಂಭವಾಗುವುದಕ್ಕೆ ಕಾರಣವೂ ಇದೇ: ಸೊನ್ನೆಯಿಲ್ಲ, ಆದ್ದರಿಂದ ಹತ್ತು ಅಂಗುಲ, 3 ಎಂದರೆ ಫ್ರಾನ್ಸ್. ಇದಲ್ಲದೆ ಮೇಣದ ಮೇಲೆಯೇ ಕೊರೆದ ಇನ್ನೊಂದು ಸಂಖ್ಯೆ ಲೇಬಲ್ಲಿನ ಬಳಿ ಇರುತ್ತದೆ. ಅದು ಮಾರಾಟದ ಸರಕಿಗಲ್ಲ, ಆ ದಿನದ ಆ ಒಂದು ನುಡಿಸಾಣಿಕೆಗೆ ಸೇರಿದ್ದು. ಗ್ರಂಥಾಲಯದವರು ಬಳಸುವ ಮಾರ್ಕ್ 21 ನಮೂನೆಯಲ್ಲಿ ಎರಡಕ್ಕೂ 028 ಎಂಬ ಕ್ಷೇತ್ರದಲ್ಲೇ ಜಾಗವಿದ್ದು, ಇದು ಪ್ರಕಟಣೆಯ ಸಂಖ್ಯೆಯೋ ಅಚ್ಚಿನ ಸಂಖ್ಯೆಯೋ ಎಂದು ಬೇರೆ ಮಾಡಿ ತೋರಿಸುವ ಸೂಚಕವೂ ಇದೆ. ಎಷ್ಟೋ ಸೂಚೀಪತ್ರಗಳಲ್ಲಿ ಮೊದಲನೆಯದನ್ನು ಮಾತ್ರ ಬರೆದು ಎರಡನೆಯದನ್ನು ಬಿಟ್ಟಿರುತ್ತಾರೆ. ಬಿಟ್ಟರೆ, ಎರಡು ಊರಿನ ಎರಡು ಪ್ರತಿಗಳು ಒಂದೇ ನುಡಿಸಾಣಿಕೆಯವೇ ಎಂದು ಪತ್ರ ಮುಖೇನ ಖಚಿತಪಡಿಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

ಲೇಬಲ್ಲನ್ನೂ ಹಾಗೆಯೇ ಓದಬೇಕು. ಗರಿಯ ಲೇಖನಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತಿರುವ ದೇವದೂತನ ಚಿತ್ರ, ಕಂಪನಿಯ ಹೆಸರಿನಲ್ಲಿ ಟೈಪ್‌ರೈಟರ್ ಎಂಬ ಪದ ಎರಡೂ ಇದ್ದರೆ ಅದು ಆರಂಭದ ಕಾಲದ ಪ್ರತಿ. 1907ರ ಹೊತ್ತಿಗೆ ಟೈಪ್‌ರೈಟರ್ ಎಂಬುದು ಹೆಸರಿನಿಂದ ಬಿಟ್ಟುಹೋಯಿತು. ಅಚ್ಚು ಹೊಸದಾಗಿದ್ದಾಗ ಒತ್ತಿದ ತಟ್ಟೆಯಲ್ಲಿ ಗೀರು ಚೂಪಾಗಿರುತ್ತದೆ, ಸವೆದ ಅಚ್ಚಿನದರಲ್ಲಿ ಮೊಂಡಾಗಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ಕಂಪನಿ ಮತ್ತು ಹನೋವರಿನ ಕಾರ್ಖಾನೆ ಬೇರೆ ಬೇರೆ ಕೈಗೆ ಹೋದವು. ಮೂಲ ಅಚ್ಚು ಎಲ್ಲೋ ಭದ್ರವಾಗಿದೆ, ಬೇಕಾದಾಗ ತೆಗೆದುಕೊಳ್ಳಬಹುದು ಎಂಬ ಧೈರ್ಯವನ್ನು ಈ ಕಾಲದ ಯಾವ ತಟ್ಟೆಯ ವಿಷಯದಲ್ಲೂ ಗ್ರಂಥಾಲಯ ಇಟ್ಟುಕೊಳ್ಳಬಾರದು. ಇರುವ ಪ್ರತಿಗಳಲ್ಲಿ ಯಾವುದು ಅತ್ಯುತ್ತಮವೋ ಅದೇ ಮೂಲ ಎಂದು ನಡೆಸಿಕೊಳ್ಳಬೇಕು.

ವೇಗ, ಶ್ರುತಿ

ಈ ಪ್ರಕರಣದ ತಿರುಳು ಇಲ್ಲಿದೆ. ಹಳೆಯ ತಟ್ಟೆಗಳನ್ನೆಲ್ಲ ನಾವು 78ರ ತಟ್ಟೆ ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ನಿಮಿಷಕ್ಕೆ 78 ಸುತ್ತು ಎಂಬುದು ಎಲ್ಲೆಡೆ ರೂಢಿಗೆ ಬಂದದ್ದು 1920ರ ದಶಕದ ನಡುವಿನಲ್ಲಿ, ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ. 1903ರಲ್ಲಿ ತೂಕದ ಗುಂಡು ಇಳಿಯುವ ಬಲದಿಂದ ತಿರುಗುತ್ತಿದ್ದ ಯಂತ್ರವನ್ನು ಆ ದಿನ ಆ ತಂತ್ರಜ್ಞರು ಯಾವ ವೇಗಕ್ಕೆ ಹೊಂದಿಸಿಕೊಂಡಿದ್ದರೋ ಅದೇ ತಟ್ಟೆಯ ವೇಗ; 70ರ ಆಸುಪಾಸೂ ಇರಬಹುದು, 80ನ್ನು ದಾಟಿಯೂ ಇರಬಹುದು. ಲೇಬಲ್ಲಿನ ಮೇಲೆ ಅದನ್ನು ಬರೆಯುತ್ತಿರಲಿಲ್ಲ.

ರೊಮಾನ್ಸ್ ತಟ್ಟೆಯ ನಕಲನ್ನು ನಾನು ಮೊದಲು ಕೇಳಿದಾಗ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡಿದ್ದೆ. ಯೋಆಖಿಮ್ ಅವರು ಈ ಕೃತಿಯನ್ನು ಬರೆದದ್ದು ಸಿ ಮೇಜರ್‌ನಲ್ಲಿ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಂದು ಮನೆ ಶ್ರುತಿ. ತಿರುಗಣೆಯ ವೇಗವನ್ನು ಸ್ವಲ್ಪ ಏರಿಸಿದಂತೆ ಮಾಡಿ ಕೇಳಿದರೆ ಅದೇ ತಟ್ಟೆ ಒಂದೂವರೆ ಮನೆಗೆ ಹತ್ತಿ ಕೂರುತ್ತದೆ, ನಾದ ಹರಿತವಾಗುತ್ತದೆ, ಕಮಾನಿನ ಎಳೆತ ಚುರುಕಾಗುತ್ತದೆ, ನುಡಿಸುತ್ತಿರುವವರು ನಡುವಯಸ್ಸಿನವರೇ ಎಂದು ಯಾರಾದರೂ ನಂಬುತ್ತಾರೆ. ಇಳಿಸಿದರೆ ಅದೇ ಕೈ ಬಳಲಿದಂತೆ, ಕಮಾನು ಎಳೆಯಲು ಕಷ್ಟಪಡುತ್ತಿರುವಂತೆ ಕೇಳುತ್ತದೆ. ಅರ್ಧ ಮನೆಯ ಅಂತರ ಎಂದರೆ ವೇಗದಲ್ಲಿ ಸುಮಾರು ಶೇ. 6, 78ರ ಲೆಕ್ಕದಲ್ಲಿ ನಾಲ್ಕೂವರೆ ಸುತ್ತು. ಒಂದು ತಟ್ಟೆ 78ರಲ್ಲಿ ಅರ್ಧ ಮನೆ ಮೇಲೆ ಕೇಳಿದರೆ ಅದರ ನಿಜವಾದ ವೇಗ 73.6ರ ಹತ್ತಿರವಿರಬೇಕು. ಕೃತಿಯ ಸ್ವರಲಿಪಿ ಕೈಯಲ್ಲಿದ್ದುದರಿಂದ ಈ ಲೆಕ್ಕ ಸಾಧ್ಯವಾಯಿತು. ಬಾಖ್ ಅವರ ಎರಡು ಭಾಗಗಳಲ್ಲಿ ಅಡಾಜಿಯೊ ಎಂಬುದು ಜಿ ಮೈನರ್‌ನದು, ಬೂರೇ ಎಂಬುದು ಬಿ ಮೈನರ್‌ನದು. ಹಂಗೇರಿಯನ್ ನೃತ್ಯಗಳ ಯೋಆಖಿಮ್ ಅವರದೇ ಪಿಟೀಲು ರೂಪಾಂತರದಲ್ಲಿ ಮೊದಲನೆಯದು ಜಿ ಮೈನರ್, ಎರಡನೆಯದು ಡಿ ಮೈನರ್. ಐದಕ್ಕೂ ಹೀಗೆ ಹೊರಗಿನ ಸಾಕ್ಷಿ ಇದೆ.

ಸಾಕ್ಷಿ ಇದ್ದರೂ ಅದು ಕೊನೆಯವರೆಗೆ ಕೈಹಿಡಿಯುವುದಿಲ್ಲ. 1885ರಲ್ಲಿ ವಿಯೆನ್ನಾದ ಸಮ್ಮೇಳನ, ಶ್ರುತಿ ಹಿಡಿಯಲು ಆಧಾರವಾದ ಏ ಸ್ವರಕ್ಕೆ ಗೊತ್ತುಮಾಡಿದ್ದು ಸೆಕೆಂಡಿಗೆ 435 ಕಂಪನ. ಇಂದಿನ ರೂಢಿ 440. ಎರಡರ ನಡುವಿನ ವ್ಯತ್ಯಾಸ 78ರ ಲೆಕ್ಕದಲ್ಲಿ ಒಂದು ಸುತ್ತಿಗೂ ತುಸು ಕಡಿಮೆ. ಅಷ್ಟರಮಟ್ಟಿಗಿನ ಅನುಮಾನ ಉಳಿದೇ ಉಳಿಯುತ್ತದೆ. ಪಿಯಾನೋ ಜೊತೆಗಿರುವ ತಟ್ಟೆಗಳಲ್ಲಿ ಪಿಯಾನೋದ ಶ್ರುತಿ ನಡುವೆ ಬದಲಾಗುವಂಥದ್ದಲ್ಲವಾದ್ದರಿಂದ, ಒಂದೇ ದಿನದ ತಟ್ಟೆಗಳನ್ನು ಒಂದರೊಡನೆ ಒಂದು ಹೋಲಿಸಿ ನೋಡಬಹುದು. ಬಾಖ್ ಕೃತಿಗಳಲ್ಲಿ ಪಿಟೀಲು ಒಂಟಿ. ಅಲ್ಲಿ ಕಲಾವಿದರು ತಮ್ಮ ತಂತಿಯನ್ನು ಎಲ್ಲಿಗೆ ಬಿಗಿದುಕೊಂಡಿದ್ದರೋ ಅದೇ ಶ್ರುತಿ. ಹೀಗಾಗಿ ಗ್ರಂಥಾಲಯ ತನ್ನ ಕಡತದಲ್ಲಿ ವೇಗ ಎಂಬ ಒಂದು ಅಂಕಿಯನ್ನು ಮಾತ್ರ ಬರೆದಿಟ್ಟರೆ ಸಾಲದು. ಆ ಅಂಕಿಯನ್ನು ಯಾವ ಆಧಾರದ ಮೇಲೆ ಆರಿಸಿದೆವು, ಏ ಸ್ವರವನ್ನು ಎಷ್ಟೆಂದು ಹಿಡಿದೆವು, ತಟ್ಟೆಯ ಮೊದಲಿಗೂ ಕೊನೆಗೂ ವೇಗ ಸರಿದಿದೆಯೇ ಎಂಬುದನ್ನು ಪೂರ್ಣ ವಾಕ್ಯಗಳಲ್ಲಿ ಬರೆದಿಡಬೇಕು. ನಾಳೆ ಇನ್ನೂ ಗಟ್ಟಿಯಾದ ಸಾಕ್ಷಿ ಸಿಕ್ಕವರು ನಮ್ಮ ತೀರ್ಮಾನವನ್ನು ಕೈಬಿಟ್ಟು ಹೊಸದನ್ನು ಕೈಗೊಳ್ಳಲು ಆ ವಾಕ್ಯಗಳು ಬೇಕು.

ಇಷ್ಟು ಹಟ ಏಕೆಂದರೆ, ಈ ತಟ್ಟೆಗಳ ಮೇಲೆ ಸಂಗೀತದ ಇತಿಹಾಸದ ಒಂದು ದೊಡ್ಡ ಚರ್ಚೆಯೇ ನಿಂತಿದೆ. ಯೋಆಖಿಮ್ ಅವರ ಬೆರಳು ಸ್ವರವನ್ನು ಎಡೆಬಿಡದೆ ನಡುಗಿಸುವುದಿಲ್ಲ. ಎಷ್ಟೋ ಸ್ವರಗಳು ನೇರವಾಗಿ, ಬತ್ತಲೆಯಾಗಿ ನಿಲ್ಲುತ್ತವೆ. ಭಾವ ಒತ್ತಿ ಬಂದ ಕಡೆ ಮಾತ್ರ ಬೆರಳು ತುಸು ಅಲುಗುತ್ತದೆ. ಶಿಷ್ಯ ಆಂಡ್ರೆಯಾಸ್ ಮೋಸರ್ ಜೊತೆ ಸೇರಿ ಅವರು ಇದೇ ವರ್ಷಗಳಲ್ಲಿ ಹೊರತಂದ ಮೂರು ಸಂಪುಟಗಳ ಪಿಟೀಲು ಪಾಠಪುಸ್ತಕ ಹೇಳುವುದೂ ಇದನ್ನೇ: ಬೆರಳಿನ ಈ ನಡುಕವನ್ನು, ಅಂದರೆ ಕಂಪನವನ್ನು, ಬೇಕಾದಲ್ಲಿ ಮಾತ್ರ ಬಳಸಬೇಕು, ಅದು ಚಾಳಿಯಾಗಬಾರದು. ಅದಕ್ಕೆ ಬದಲಾಗಿ ಇಲ್ಲಿ ಕೇಳಿಸುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವ ಸದ್ದು. ನಮ್ಮ ಸಂಗೀತದಲ್ಲಿ ಜಾರು ಎಂದು ಕರೆಯುವ ಗಮಕವನ್ನು ಕೇಳಿ ಬೆಳೆದ ಕಿವಿಗೆ ಇದು ತೀರ ಸಹಜವಾಗಿ ಒಲಿಯುತ್ತದೆ. ಇಂದಿನ ಪಾಶ್ಚಾತ್ಯ ಪಿಟೀಲನ್ನು ಕೇಳಿ ಬೆಳೆದವರಿಗೆ ಮೊದಲ ಸಲ ಇರುಸುಮುರುಸಾಗುವುದೂ ಉಂಟು. ಮುಂದಿನ ಪೀಳಿಗೆಯ ಫ್ರಿಟ್ಸ್ ಕ್ರೈಸ್ಲರ್ ಅವರಿಂದೀಚೆಗೆ ಎಡೆಬಿಡದ ಕಂಪನವೇ ಪಿಟೀಲಿನ ಸಹಜ ನಾದ ಎನ್ನುವಷ್ಟು ರೂಢಿಯಾಯಿತು. ಹಾಗಾದರೆ ಬ್ರಾಮ್ಸ್ ಅವರ ಕಿವಿಯಲ್ಲಿದ್ದ ಪಿಟೀಲು ಯಾವುದು? ಉತ್ತರ ಹುಡುಕುವವರು ಈ ಐದು ತಟ್ಟೆಗಳಿಗೆ ಬರಲೇಬೇಕು. ಬಂದವರಿಗೆ ಶೇ. 6ರಷ್ಟು ಹೆಚ್ಚಿನ ವೇಗದ ನಕಲು ಸಿಕ್ಕರೆ ಕಂಪನದ ಗತಿಯೂ ಅಷ್ಟೇ ಏರುತ್ತದೆ, ಕಾಲಪ್ರಮಾಣವೂ ಏರುತ್ತದೆ, ಆ ತಪ್ಪಿನ ಮೇಲೆ ಒಂದು ವಾದವೇ ಬೆಳೆಯುತ್ತದೆ.

ಇದಕ್ಕೆ ಎದುರಾದ ವಾದಕ್ಕೂ ಬಲವಿದೆ. ಕಹಳೆಯ ಮೂಲಕ ಸುಮಾರು 2500 ಹರ್ಟ್ಸ್‌ಗಿಂತ ಮೇಲಿನದು ಹೆಚ್ಚಾಗಿ ಗೀರಿಗೆ ಇಳಿಯುತ್ತಿರಲಿಲ್ಲ. ಪಿಟೀಲಿನ ನಾದಕ್ಕೆ ಹೊಳಪು ಕೊಡುವ ಮೇಲ್‌ಸ್ವರಾಂಶಗಳೆಲ್ಲ ಅಲ್ಲೇ ಉದುರಿಹೋಗುತ್ತಿದ್ದವು. ಮೆಲ್ಲನೆಯ ಕಂಪನವೂ ಅವುಗಳ ಜೊತೆಗೆ ಮರೆಯಾಗಿರಬಹುದಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಕಿವಿ ಹೇಳುವಂತೆ ರೊಮಾನ್ಸ್‌ನ ಕೆಲವು ಸ್ವರಗಳಲ್ಲಿ ಕಂಪನ ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಲಿ ಕೇಳಿಸುವುದಾದರೆ ಕೇಳಿಸದ ಕಡೆ ಅದು ನಿಜಕ್ಕೂ ಇರಲಿಲ್ಲ ಅಥವಾ ತೀರ ಕಿರಿದಾಗಿತ್ತು ಎಂದು ನಾನು ನಂಬುತ್ತೇನೆ. ಈ ವಾದ ಇತ್ಯರ್ಥವಾಗುವುದು ನಕಲಿನ ಪ್ರಾಮಾಣಿಕತೆಯ ಮೇಲೆ, ಅಂದರೆ ಮತ್ತೆ ಗ್ರಂಥಾಲಯದ ಮೇಜಿನ ಮೇಲೆ.

ನಕಲು

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐ.ಎ.ಎಸ್.ಎ. ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಹೇಳುವ ಮುಖ್ಯ ಮಾತು, ಮೊದಲ ನಕಲಿಗೆ ಯಾವ ಅಲಂಕಾರವನ್ನೂ ಮಾಡಬಾರದು ಎಂಬುದು. ತಟ್ಟೆಯ ಗರಗರ ಸದ್ದು, ಬಿರುಕಿನ ಟಕ್ ಟಕ್ ಎಲ್ಲವೂ ಇದ್ದಂತೆಯೇ ಇರಬೇಕು. ಕೇಳುಗರಿಗೆ ಹಿತವಾಗಲೆಂದು ಸದ್ದು ತೆಗೆಯುವುದಿದ್ದರೆ ಅದಕ್ಕೆ ಬೇರೊಂದು ಪ್ರತಿ. ಒಮ್ಮೆ ಸದ್ದಿನ ಜೊತೆ ಕಮಾನಿನ ಉಸಿರೂ ಒರೆಸಿಹೋದರೆ ಅದನ್ನು ಯಾವ ಯಂತ್ರವೂ ಮರಳಿ ತರುವುದಿಲ್ಲ. ತಟ್ಟೆಯ ಗೀರನ್ನು ಓದುವ ಮುಳ್ಳನ್ನು ಆರಿಸುವುದಂತೂ ಪೂರ್ತಿ ಕೈಚಳಕದ ಕೆಲಸ. ಹಿಂದಿನವರು ಉಕ್ಕಿನ ಸೂಜಿಯಿಂದ ನೂರಾರು ಸಲ ಹಾಕಿ ಕೇಳಿದ ತಟ್ಟೆಯ ಗೀರು ಒಂದು ಆಳದಲ್ಲಿ ಸವೆದಿರುತ್ತದೆ. ತುದಿಯನ್ನು ಬೇರೆ ಬೇರೆ ಅಗಲಕ್ಕೆ ಕತ್ತರಿಸಿದ ವಜ್ರದ ಮುಳ್ಳುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಹೋದರೆ, ಸೂಜಿ ಮುಟ್ಟದೆ ಬಿಟ್ಟಿದ್ದ ಎತ್ತರದಲ್ಲಿ ಗೋಡೆ ಇನ್ನೂ ಚೂಪಾಗಿ ಉಳಿದಿರುವುದು ಸಿಗಬಹುದು. ಆ ಗಳಿಗೆಯಲ್ಲಿ ಮಂಜಿನ ಹಿಂದಿದ್ದ ಪಿಟೀಲು ಒಮ್ಮೆಲೇ ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಗೀರಿನ ಎರಡು ಗೋಡೆಗಳನ್ನೂ ಎರಡು ಬದಿಗಳಾಗಿ ಬೇರೆ ಬೇರೆ ಹಿಡಿದಿಡುವುದು ಒಳ್ಳೆಯದು. ಒಂದು ಗೋಡೆ ಇನ್ನೊಂದಕ್ಕಿಂತ ಹೆಚ್ಚು ಸವೆದಿದ್ದರೆ ಮುಂದೆ ಆರಿಸಿಕೊಳ್ಳಲು ಅವಕಾಶವಿರುತ್ತದೆ.

ಸೆಕೆಂಡಿಗೆ 96,000 ಮಾದರಿ, 24 ಬಿಟ್ ಎಂಬ ಅಳತೆಯಲ್ಲಿ ಎರಡು ಬದಿಗಳನ್ನು ಹಿಡಿದರೆ ಮೂರು ನಿಮಿಷದ ಒಂದು ತಟ್ಟೆಗೆ ಸುಮಾರು 100 ಮೆಗಾಬೈಟ್ ಬೇಕು. ಯೋಆಖಿಮ್ ಅವರ ಐದು ತಟ್ಟೆಗಳೂ ಸೇರಿ ಅರ್ಧ ಗಿಗಾಬೈಟ್‌ನ ಆಸುಪಾಸು. ಇಂದಿನ ದಿನ ಕಿಸೆಯಲ್ಲಿಟ್ಟುಕೊಳ್ಳುವ ಫೋನಿನಲ್ಲಿ ಇದಕ್ಕಿಂತ ಹೆಚ್ಚು ಜಾಗವನ್ನು ಮದುವೆಯ ಒಂದು ವಿಡಿಯೊ ತಿನ್ನುತ್ತದೆ. ಜಾಗವಿಲ್ಲ, ದುಡ್ಡಿಲ್ಲ ಎಂಬ ಮಾತು ಇಷ್ಟು ಸಣ್ಣ ಸಂಗ್ರಹಕ್ಕೆ ಹೊಂದುವುದಿಲ್ಲ. ಬೇರೆ ಬೇರೆ ಊರಿನಲ್ಲಿ ಮೂರು ಪ್ರತಿ, ವರ್ಷಕ್ಕೊಮ್ಮೆ ಕಡತ ಕೆಟ್ಟಿಲ್ಲವೆಂದು ಚೆಕ್‌ಸಮ್ (ಕಡತದಿಂದ ಲೆಕ್ಕ ಹಾಕಿ ಪಡೆದ ಗುರುತುಸಂಖ್ಯೆ) ಮೂಲಕ ತಾಳೆ ನೋಡುವ ಕ್ರಮ, ಇಷ್ಟನ್ನು ಒಬ್ಬ ಗ್ರಂಥಪಾಲಕರು ಬೇರೆ ಕೆಲಸದ ನಡುವೆಯೇ ನಡೆಸಿಕೊಂಡು ಹೋಗಬಹುದು.

ಹಕ್ಕಿನ ತೊಡಕು ಈ ಪ್ರಕರಣದಲ್ಲಿ ಈಗ ಉಳಿದಿಲ್ಲ. ಅಮೆರಿಕದಲ್ಲಿ 2018ರ ಕಾಯ್ದೆಯಂತೆ 1923ಕ್ಕಿಂತ ಹಿಂದಿನ ಧ್ವನಿಮುದ್ರಿಕೆಗಳೆಲ್ಲ 2022ರ ಜನವರಿ 1ರಂದು ಸಾರ್ವಜನಿಕರ ಸೊತ್ತಾದವು. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ.

ಕೇಳುಗರಿಗೆ ಇದನ್ನು ತಲುಪಿಸುವಾಗ ಒಂದು ಜೋಡಣೆಯನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. 1889ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಎಡಿಸನ್ ಅವರ ಪ್ರತಿನಿಧಿ ಥಿಯೋ ವಾಂಗೆಮಾನ್ ಅವರು ಬ್ರಾಮ್ಸ್ ಪಿಯಾನೋ ನುಡಿಸುವುದನ್ನು ಮೇಣದ ಉರುಳೆಯ ಮೇಲೆ ಹಿಡಿದರು. ನುಡಿಸಿದ್ದು ಮೊದಲನೆಯ ಹಂಗೇರಿಯನ್ ನೃತ್ಯದ ತುಣುಕು. ಅದರಲ್ಲಿ ಇಂದು ಕೇಳುವುದು ಬಹುಪಾಲು ಕೊರೆತದ ಸದ್ದೇ, ಪಿಯಾನೋ ಅಲ್ಲಲ್ಲಿ ಮಾತ್ರ ಮೇಲೇಳುತ್ತದೆ. ಅದೇ ನೃತ್ಯವನ್ನು ಯೋಆಖಿಮ್ 1903ರಲ್ಲಿ ನುಡಿಸಿದ್ದಾರೆ. ರಚಿಸಿದವರ ಕೈ, ಅದನ್ನು ಪಿಟೀಲಿಗೆ ಅಳವಡಿಸಿದ ಗೆಳೆಯರ ಕೈ, ಎರಡೂ ಒಂದೇ ಕೃತಿಯಲ್ಲಿ ಉಳಿದಿವೆ. ಸೂಚೀಪತ್ರದಲ್ಲಿ ಒಂದರ ದಾಖಲೆ ಇನ್ನೊಂದನ್ನು ತೋರಿಸದಿದ್ದರೆ ಈ ಸಂಬಂಧವನ್ನು ಕೇಳುಗರು ತಾವಾಗಿ ಕಂಡುಕೊಳ್ಳಲಾರರು. ಎರಡು ಸಾಲಿನ ಒಂದು ಟಿಪ್ಪಣಿ ಸಾಕು.

ನಮ್ಮ ಮೇಜಿನ ಮೇಲೆ

ಯೋಆಖಿಮ್ ಪ್ರಕರಣವನ್ನು ಇಷ್ಟು ಬಿಡಿಸಿ ನೋಡುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಇರುವವರು ಪಿಟೀಲು ಚೌಡಯ್ಯನವರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿ, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದು, 1967ರಲ್ಲಿ ತೀರಿಕೊಂಡ ಅವರು ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೊತೆ ತಂತಿ ಕಟ್ಟಿ ಏಳು ತಂತಿಯ ಪಿಟೀಲನ್ನು ಮಾಡಿಕೊಂಡವರು. ಅವರ 78ರ ತಟ್ಟೆಗಳ ದಾಖಲೆಯಲ್ಲಿ ವಾದ್ಯ ಎಂಬಲ್ಲಿ ಬರಿಯ ಪಿಟೀಲು ಎಂದು ಬರೆದು ಮುಗಿಸಿದರೆ, ಐವತ್ತು ವರ್ಷದ ನಂತರ ಆ ತಟ್ಟೆಯನ್ನು ಕೇಳುವ ತಂತ್ರಜ್ಞರು ಜೋಡಿ ತಂತಿಯ ದಪ್ಪ ನಾದವನ್ನು ತಟ್ಟೆಯ ದೋಷವೆಂದು ತಿಳಿದು ತಿದ್ದಲು ಹೊರಡಬಹುದು. ಏಳು ತಂತಿ ಎಂಬ ಎರಡು ಪದ ಅಲ್ಲಿ ಇರಲೇಬೇಕು.

ಇದಕ್ಕಿಂತ ಕಠಿಣವಾದದ್ದು ವೇಗದ ಪ್ರಶ್ನೆ. ಯೋಆಖಿಮ್ ಅವರಿಗೆ ಸ್ವರಲಿಪಿಯ ಸಾಕ್ಷಿ ಇತ್ತು. ಸಿ ಮೇಜರ್ ಎಂದರೆ ಸಿ ಮೇಜರ್. ನಮ್ಮಲ್ಲಿ ಕಲ್ಯಾಣಿಯನ್ನು ಒಂದು ಮನೆಯಲ್ಲೂ ನುಡಿಸಬಹುದು, ಎರಡೂವರೆಯಲ್ಲೂ ನುಡಿಸಬಹುದು. ಪಕ್ಕವಾದ್ಯದ ಪಿಟೀಲು ಹಾಡುವವರ ಶ್ರುತಿಗೆ ತಂತಿ ಬಿಗಿದುಕೊಳ್ಳುತ್ತದೆ, ಮೃದಂಗವೂ ಹಾಗೆಯೇ. ರಾಗದ ಹೆಸರು ತಟ್ಟೆಯ ವೇಗವನ್ನು ಹೇಳುವುದಿಲ್ಲ. ವಿದ್ಯುತ್ ಕಾಲದ ತಟ್ಟೆಯಾದರೆ ಹಿನ್ನೆಲೆಯಲ್ಲಿ ವಿದ್ಯುತ್ತಿನ ಗುಂಯ್ ಎಂಬ ಮಂದ್ರ ಸದ್ದು ಸಿಕ್ಕಿದರೆ ಅದನ್ನು ಅಳೆದು ನೋಡಬಹುದು. ಹಾರ್ಮೋನಿಯಂ ಶ್ರುತಿಗಿದ್ದರೆ ಅದರಿಂದ ಸ್ವಲ್ಪ ಊಹಿಸಬಹುದು. ಇವೆರಡೂ ಇಲ್ಲದ ಕಡೆ ಉಳಿಯುವುದು ಮನುಷ್ಯರ ಕಿವಿ, ಆ ಕಲಾವಿದರನ್ನು ಎದುರಿಗೆ ಕೂತು ಕೇಳಿದವರ ಕಿವಿ. 1950ರ ದಶಕದಲ್ಲಿ ಹಿರಿಯರ ಕೈಹಿಡಿದು ಕಛೇರಿಗೆ ಹೋಗುತ್ತಿದ್ದ ಮಕ್ಕಳಿಗೆ ಈಗ ಎಪ್ಪತ್ತೈದು ದಾಟಿದೆ.

ಅಂಥ ಒಬ್ಬ ಹಿರಿಯ ಪಿಟೀಲು ವಾದಕರ ಮನೆಗೆ ನಾನು ಚೌಡಯ್ಯನವರ ಒಂದು ತಟ್ಟೆಯ ನಕಲನ್ನು ಮೂರು ವೇಗಗಳಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದೆ. ಯಾವುದು ಯಾವ ವೇಗ ಎಂದು ಹೇಳಿರಲಿಲ್ಲ. ಮೊದಲನೆಯದಕ್ಕೆ ಅವರು ತಲೆಯಾಡಿಸಿ, “ಇಷ್ಟು ಕೀಚಲು ಇರಲಿಲ್ಲಪ್ಪ ಅವರದು,” ಎಂದರು. ಎರಡನೆಯದನ್ನು ಹಾಕಿದಾಗ ಮಾತಾಡಲಿಲ್ಲ. ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿ ಓಡತೊಡಗಿದವು. ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿ ಎರಡನೆಯದನ್ನು ಇನ್ನೊಮ್ಮೆ ಕೇಳಿದರು. ಆ ತಟ್ಟೆಯ ದಾಖಲೆಯಲ್ಲಿ ವೇಗದ ಅಂಕಿಯ ಕೆಳಗೆ, ಶ್ರುತಿಯನ್ನು ನಿರ್ಧರಿಸಿದ ಬಗೆ ಎಂಬಲ್ಲಿ, ನಾನು ಹೀಗೆ ಬರೆದಿದ್ದೇನೆ: ಸ್ವರಲಿಪಿಯ ಆಧಾರವಿಲ್ಲ, ವಿದ್ಯುತ್ ಸದ್ದು ಸಿಗಲಿಲ್ಲ, ಕಲಾವಿದರ ಕಛೇರಿಗಳನ್ನು ಎದುರಿಗೆ ಕೇಳಿದ ಒಬ್ಬರ ನೆನಪಿನ ಮೇಲೆ, ಮೂರು ವೇಗಗಳಲ್ಲಿ ನಡುವಿನದನ್ನು ಆರಿಸಿದೆ, ಉಳಿದೆರಡು ನಕಲುಗಳನ್ನೂ ಇದೇ ಕಡತದಲ್ಲಿ ಇಟ್ಟಿದೆ.